ನೇತ್ರವೈದ್ಯ ಫಿಲಾಟೋವ್

ನಮ್ಮ ಕಣ್ಣಿನ ಮುಂಭಾಗದಲ್ಲಿ, ಗಡಿಯಾರದ ಮುಖವನ್ನು ಮುಚ್ಚಿದ ಗಾಜಿನಂತೆ, ಪಾರದರ್ಶಕವಾದ ಒಂದು ಪಟಲವಿದೆ. ಇದನ್ನು ಕಾರ್ನಿಯ ಎನ್ನುತ್ತಾರೆ. ಇದರ ನಡುಭಾಗದ ದಪ್ಪ ಸುಮಾರು ಅರ್ಧ ಮಿಲಿಮೀಟರು ಮಾತ್ರ. ಹೊರಜಗತ್ತಿನ ಬೆಳಕೆಲ್ಲವೂ ಇದನ್ನು ಹಾಯ್ದೇ ಒಳಗೆ ಬರಬೇಕು. ಸಿಡುಬಿನಿಂದಲೋ, ಸುಣ್ಣ ಸಿಡಿದೋ, ಗಾಯ ಕೀವುಗಟ್ಟಿಯೋ ಈ ಪಟಲ ಬೆಳ್ಳಗಾದರೆ, ಕಣ್ಣಿನ ಉಳಿದ ಭಾಗಗಳೆಲ್ಲ ಸುಸ್ಥಿತಿಯಲ್ಲಿದ್ದರೂ ನೋಟ ಕುಂದುತ್ತದೆ. ಹಳ್ಳಿಯ ಜನರು ಕಣ್ಣಿಗೆ ಹೂ ಬಿದ್ದಿದೆ ಎನ್ನುವುದು ಇದನ್ನೇ. ಇನ್ನು ಕೆಲವರಲ್ಲಿ, ಬಹುಮಟ್ಟಿಗೆ ಹದಿಹರೆಯದಲ್ಲಿ, ಪಟಲವು ತೆಳುವಾಗುತ್ತ ಹೋಗಿ, ಗುಮ್ಮಟದ ಆಕಾರವನ್ನು ಕಳೆದುಕೊಂಡು ಶಂಕುವಿನಂತೆ ಮುಂದಕ್ಕೆ ಚಾಚಿಕೊಳ್ಳುತ್ತದೆ. ಕೆರಟೋಕೋನಸ್ ಎಂಬ ಈ ರೋಗವನ್ನು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ವೈದ್ಯ ಜಾನ್ ನಾಟಿಂಗ್‌ಹ್ಯಾಮರು 1854ರಲ್ಲಿಯೇ ವಿವರವಾಗಿ ವರ್ಣಿಸಿದ್ದರು. ಆದರೆ ಕೆಟ್ಟ ಪಟಲವನ್ನು ತೆಗೆದು ಒಳ್ಳೆಯದನ್ನು ಜೋಡಿಸುವ ವಿದ್ಯೆ ಆಗಿನ್ನೂ ಕೈಗೂಡಿರಲಿಲ್ಲ. ಆ ವಿದ್ಯೆಯನ್ನು ಸಾಮಾನ್ಯ ಜನರಿಗೆ ಎಟುಕುವಂತೆ ಮಾಡಿದವರಲ್ಲಿ ಅಗ್ರಗಣ್ಯರು ವ್ಲಾದಿಮಿರ್ ಪೆತ್ರೋವಿಚ್ ಫಿಲಾಟೋವರು.

ಫಿಲಾಟೋವರು 1875ರ ಫೆಬ್ರವರಿ 27ರಂದು ರಷ್ಯದ ಪೆನ್ಜ ಪ್ರಾಂತದ ಮಿಖಾಯ್ಲೋವ್ಕ ಎಂಬ ಹಳ್ಳಿಯಲ್ಲಿ ಜನಿಸಿದರು. ವೈದ್ಯವೃತ್ತಿ ಆ ಮನೆತನಕ್ಕೆ ಹೊಸದಾಗಿರಲಿಲ್ಲ. ತಂದೆ ಸಿಂಬಿರ್ಸ್ಕ್ ಪಟ್ಟಣದಲ್ಲಿ ವೈದ್ಯರಾಗಿದ್ದರು. ಕಣ್ಣಿನ ಚಿಕಿತ್ಸೆಯಲ್ಲಿಯೂ ನುರಿತವರು. ತಂದೆಯ ಸೋದರ ನೀಲ್ ಫಿಲಾಟೋವರು ರಷ್ಯದ ಹೆಸರಾಂತ ಶಿಶುವೈದ್ಯರು. ಇಂತಹ ಪರಿಸರದಲ್ಲಿ ಬೆಳೆದ ಬಾಲಕನು ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿ 1897ರಲ್ಲಿ ಪದವೀಧರನಾದನು. ಆರು ವರ್ಷಗಳ ತರುವಾಯ, 1903ರಲ್ಲಿ, ಫಿಲಾಟೋವರು ಕಪ್ಪು ಸಮುದ್ರದ ತೀರದ ಒಡೆಸ್ಸ ನಗರಕ್ಕೆ ಬಂದರು. ಇಂದು ಉಕ್ರೇನ್ ದೇಶಕ್ಕೆ ಸೇರಿರುವ ಆ ನಗರವೇ ಅವರ ಕರ್ಮಭೂಮಿಯಾಯಿತು. 1911ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದ ನೇತ್ರವಿಭಾಗಕ್ಕೆ ಅವರು ಮುಖ್ಯಸ್ಥರಾದರು.

ಆ ವೇಳೆಗೆ ಯೂರೋಪಿನಲ್ಲಿ ಒಂದು ಅಪೂರ್ವ ಘಟನೆ ನಡೆದುಹೋಗಿತ್ತು. ಇಂದಿನ ಜೆಕ್ ದೇಶದ ಒಲೊಮೋತ್ಸ್ ಪಟ್ಟಣದಲ್ಲಿ 1905ರ ಡಿಸೆಂಬರ್ 7ರಂದು ಎಡ್ವರ್ಡ್ ಜಿರ್ಮ್ ಎಂಬ ವೈದ್ಯರು, ಸುಣ್ಣದಿಂದ ಕಣ್ಣು ಸುಟ್ಟುಕೊಂಡಿದ್ದ ಒಬ್ಬ ಕೂಲಿಕಾರನಿಗೆ ಕಾರ್ನಿಯ ಕಸಿಮಾಡಿದರು. ಗಾಯದಿಂದ ಕಣ್ಣು ಕೆಟ್ಟು, ಅದನ್ನು ತೆಗೆಯಲೇಬೇಕಾಗಿದ್ದ ಹನ್ನೊಂದು ವರ್ಷದ ಬಾಲಕನಿಂದ ಆ ಪಟಲ ದೊರಕಿತ್ತು. ಕೂಲಿಕಾರನ ಒಂದು ಕಣ್ಣಿನಲ್ಲಿ ಕಸಿ ನಿಂತಿತು. ಅವನು ಮತ್ತೆ ಕೆಲಸಕ್ಕೆ ಹೋಗುವಂತಾದನು. ಆದರೆ ಇಂತಹ ಯಶಸ್ಸು ಪದೇ ಪದೇ ಲಭಿಸುವಂತಹುದಾಗಿರಲಿಲ್ಲ. ಫಿಲಾಟೋವರು 1912ರಲ್ಲಿ ತಮ್ಮ ಮೊದಲ ಕಸಿಯನ್ನು ಮಾಡಿದಾಗ, ಜೋಡಿಸಿದ ಪಟಲ ಮೊದಮೊದಲು ಸ್ವಚ್ಛವಾಗಿದ್ದು, ಬಳಿಕ ಮಸುಕಾಗಿಹೋಯಿತು. ಬೆಳಕು ಬಂದಂತೆ ಬಂದು ಮರೆಯಾಯಿತು. ಈ ಸೋಲಿನಿಂದ ಅವರು ಕೈಚೆಲ್ಲಲಿಲ್ಲ. ಕಸಿ ಏಕೆ ಕೆಡುತ್ತದೆ ಎಂಬುದನ್ನು ವರ್ಷಗಟ್ಟಲೆ ಪರಿಶೀಲಿಸಿದರು.

ಅವರ ಕೈಚಳಕ ಕಣ್ಣಿಗೆ ಮಾತ್ರ ಮೀಸಲಾಗಿರಲಿಲ್ಲ. ದೇಹದ ಒಂದೆಡೆಯ ಚರ್ಮದ ಪಟ್ಟಿಯನ್ನು ಎರಡು ತುದಿಗಳಲ್ಲಿ ಅಂಟಿಕೊಂಡಿರುವಂತೆಯೇ ಬಿಡಿಸಿ, ಕೊಳವೆಯಂತೆ ಹೊಲಿದು, ಅದರಿಂದ ವಿಕಾರಗೊಂಡ ಅಂಗವನ್ನು ಸರಿಪಡಿಸುವ ವಿಧಾನವನ್ನು ಅವರು 1917ರಲ್ಲಿ ಪ್ರಕಟಿಸಿದರು. ಯುದ್ಧದಲ್ಲಿ ಮುಖ ಛಿದ್ರವಾದ ಅಸಂಖ್ಯ ಸೈನಿಕರಿಗೆ ಈ ವಿಧಾನದಿಂದ ಉಪಕಾರವಾಯಿತು.

ಆದರೂ ಕಣ್ಣಿನ ಕಸಿಗೆ ಒಂದು ದೊಡ್ಡ ತೊಡಕು ಉಳಿದೇ ಇತ್ತು. ಒಳ್ಳೆಯ ಪಟಲವನ್ನು ತರುವುದೆಲ್ಲಿಂದ? ಬದುಕಿರುವವರ ಕಣ್ಣನ್ನು ಕೀಳುವಂತಿಲ್ಲ. ಬೇರೆ ಕಾರಣದಿಂದ ಕಣ್ಣು ತೆಗೆಸಿಕೊಳ್ಳುವವರು ಎಲ್ಲೋ ಕೆಲವರು; ಬೆಳಕಿಗಾಗಿ ಕಾದು ಕುಳಿತವರೋ ಸಾವಿರಾರು ಮಂದಿ. ಫಿಲಾಟೋವರ ದೃಷ್ಟಿ ಆಗ ಸಾವಿನ ಕಡೆಗೆ ಹರಿಯಿತು. ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ, ಅದು ಪ್ರಾಣವಾಯುವನ್ನು ಬಹುಪಾಲು ಗಾಳಿಯಿಂದಲೇ, ಕಣ್ಣೀರಿನ ಮೂಲಕ, ಹೀರಿಕೊಳ್ಳುತ್ತದೆ. ಆದ್ದರಿಂದ ಮನುಷ್ಯ ಸತ್ತೊಡನೆ ಅದು ಸಾಯುವುದಿಲ್ಲ. ಮೃತರ ಕಣ್ಣುಗಳನ್ನು ಎರಡರಿಂದ ನಾಲ್ಕು ಡಿಗ್ರಿ ಸೆಂಟಿಗ್ರೇಡಿನ ತಂಪಿನಲ್ಲಿ ಕಾಪಾಡಿ, ಆ ಪಟಲವನ್ನು ಜೀವಂತರ ಕಣ್ಣಿಗೆ ಜೋಡಿಸಬಹುದೆಂಬುದನ್ನು ಅವರು 1931ರಿಂದ ಮೊದಲ್ಗೊಂಡು ಮಾಡಿ ತೋರಿಸಿದರು. ಕೊರೆಯುವಾಗ ಒಳಗಿನ ಮಸೂರಕ್ಕೆ ಪೆಟ್ಟಾಗದಂತೆ ತಡೆಯುವ ಉಪಕರಣಗಳನ್ನೂ ಒಬ್ಬ ಯಂತ್ರಕುಶಲಿಯ ನೆರವಿನಿಂದ ಮಾಡಿಸಿದರು. ಮಣ್ಣು ಪಾಲಾಗುತ್ತಿದ್ದುದು ಹೀಗೆ ಕುರುಡರ ಪಾಲಿಗೆ ಬೆಳಕಾಯಿತು. ಅವರೂ ಅವರ ಶಿಷ್ಯರೂ ಸೇರಿ ಇಂತಹ ಸಾವಿರಾರು ಕಸಿಗಳನ್ನು ನೆರವೇರಿಸಿದರು.

1936ರಲ್ಲಿ ಒಡೆಸ್ಸದಲ್ಲಿ ನೇತ್ರರೋಗಗಳ ಸಂಶೋಧನ ಸಂಸ್ಥೆಯೊಂದು ಫಿಲಾಟೋವರ ನೇತೃತ್ವದಲ್ಲಿ ಸ್ಥಾಪಿತವಾಯಿತು. ಐದು ವರ್ಷಗಳಲ್ಲಿಯೇ ಎರಡನೆಯ ಮಹಾಯುದ್ಧದ ಬೆಂಕಿ ಆ ನಗರವನ್ನು ಮುಟ್ಟಿತು. ಅರುವತ್ತಾರು ವರ್ಷದ ವೈದ್ಯರು ಊರು ಬಿಟ್ಟು, ದೂರದ ತಾಷ್ಕೆಂಟಿನಲ್ಲಿ ಗಾಯಾಳು ಸೈನಿಕರ ಕಣ್ಣುಗಳಿಗೆ ಚಿಕಿತ್ಸೆ ಮಾಡುತ್ತ ಕಾಲ ಕಳೆದರು. 1944ರಲ್ಲಿ ಹಿಂದಿರುಗಿ, ಸಂಸ್ಥೆಯನ್ನು ಮತ್ತೆ ಕಟ್ಟಿದರು. ಬಿಡುವಿನಲ್ಲಿ ಅವರು ಚಿತ್ರ ಬರೆಯುತ್ತಿದ್ದರು, ಕವಿತೆ ರಚಿಸುತ್ತಿದ್ದರು. ತಂಪಿನಲ್ಲಿಟ್ಟ ಅಂಗಾಂಶಗಳಲ್ಲಿ ಹಲವು ರೋಗಗಳನ್ನು ಗುಣಪಡಿಸುವ ಶಕ್ತಿಯಿದೆಯೆಂದು ಅವರು ಮಂಡಿಸಿದ ವಾದವನ್ನು ಮುಂದಿನ ವಿಜ್ಞಾನ ಎತ್ತಿಹಿಡಿಯಲಿಲ್ಲ. ಕಾರ್ನಿಯದ ಕಸಿಯಾದರೋ ಜಗತ್ತಿನಾದ್ಯಂತ ಬೇರೂರಿತು. 1956ರ ಅಕ್ಟೋಬರ್ 30ರಂದು ಫಿಲಾಟೋವರು ಒಡೆಸ್ಸದಲ್ಲಿಯೇ ನಿಧನರಾದರು. ಆ ಸಂಸ್ಥೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಕೆರಟೋಕೋನಸಿಗೂ ಈ ವಿದ್ಯೆ ವರವಾಯಿತು. ನ್ಯೂಯಾರ್ಕಿನಲ್ಲಿ ರಮೋನ್ ಕಾಸ್ತ್ರೋವಿಯೆಹೊ ಎಂಬ ವೈದ್ಯರು 1936ರಲ್ಲಿ ಈ ರೋಗಕ್ಕೆ ಕಸಿಯ ಚಿಕಿತ್ಸೆಯನ್ನು ಕೈಗೊಂಡರು. ಈಗ ಎಲ್ಲ ರೋಗಿಗಳಿಗೂ ಕಸಿ ಬೇಕಾಗುವುದಿಲ್ಲ. ಬಿ-2 ಜೀವಸತ್ವದ ಹನಿಗಳನ್ನು ಹಾಕಿ, ನೇರಳಾತೀತ ಕಿರಣಗಳನ್ನು ಹಾಯಿಸಿ, ಪಟಲವನ್ನು ಗಟ್ಟಿಗೊಳಿಸಿ ರೋಗ ಮುಂದುವರಿಯದಂತೆ ತಡೆಯುತ್ತಾರೆ. ಪಟಲದ ದಪ್ಪದೊಳಗೆ ಸೂಕ್ಷ್ಮವಾದ ಸುರಂಗವನ್ನು ಕೊರೆದು, ಬಿಲ್ಲಿನಾಕಾರದ ಪ್ಲಾಸ್ಟಿಕ್ ತುಣುಕುಗಳನ್ನು ಅಳವಡಿಸಿ, ನಡುವಿನ ಉಬ್ಬನ್ನು ತಗ್ಗಿಸುವುದೂ ಉಂಟು. ಇವು ಯಾವುವೂ ಸಾಲದಷ್ಟು ರೋಗ ಬಲಿತಾಗ ಮಾತ್ರ ಕಸಿ ಅನಿವಾರ್ಯ. ಕಣ್ಣನ್ನು ಬಲವಾಗಿ ಉಜ್ಜುವ ಅಭ್ಯಾಸ ಈ ರೋಗವನ್ನು ಹೆಚ್ಚಿಸುತ್ತದೆ. ಆದ್ದರಿಂದ ಎಳೆಯರು ಅದನ್ನು ಬಿಡುವುದು ಲೇಸು.

ಒಡೆಸ್ಸದಲ್ಲಿ ಹೊತ್ತಿದ ಹಣತೆಯ ಬೆಳಕು ನಮ್ಮ ನಾಡಿಗೂ ಬಂದಿದೆ. 2006ರಲ್ಲಿ ಡಾ. ರಾಜ್‌ಕುಮಾರ್ ನಿಧನರಾದಾಗ ಅವರ ಇಚ್ಛೆಯಂತೆ ಕಣ್ಣುಗಳನ್ನು ದಾನಮಾಡಲಾಯಿತು. 2021ರಲ್ಲಿ ಅವರ ಮಗ ಪುನೀತ್ ರಾಜ್‌ಕುಮಾರ್ ಅಕಾಲದಲ್ಲಿ ತೀರಿಕೊಂಡಾಗ, ಬೆಂಗಳೂರಿನ ವೈದ್ಯರು ಅವರ ಎರಡು ಕಾರ್ನಿಯಗಳ ಮುಂಪದರ ಹಿಂಪದರಗಳನ್ನು ಬೇರ್ಪಡಿಸಿ ನಾಲ್ವರಿಗೆ ಜೋಡಿಸಿದರು. ಮೃತರ ಕಣ್ಣುಗಳನ್ನು ಸುಮಾರು ಆರು ಗಂಟೆಗಳೊಳಗೆ ಸಂಗ್ರಹಿಸಬೇಕು. ಕನ್ನಡಕ ಹಾಕುತ್ತಿದ್ದವರೂ, ಪೊರೆಯ ಶಸ್ತ್ರಚಿಕಿತ್ಸೆಯಾದವರೂ ದಾನ ಮಾಡಬಹುದು. ಆದರೆ ಆ ಆರು ಗಂಟೆಗಳು ಮನೆಯವರೆಲ್ಲ ದುಃಖದಲ್ಲಿ ಮುಳುಗಿರುವ ಹೊತ್ತು. ಆಗ ಯಾರಾದರೊಬ್ಬರು ಮನಸ್ಸು ಗಟ್ಟಿಮಾಡಿಕೊಂಡು ನೇತ್ರಭಂಡಾರಕ್ಕೆ ಸುದ್ದಿ ಕಳುಹಿಸಬೇಕು. ಫಿಲಾಟೋವರು ತೋರಿದ ದಾರಿ ಕುರುಡರನ್ನು ಮುಟ್ಟುವುದು ಅಂತಹ ಒಬ್ಬರಿಂದಲೇ.