ಆಚಾರ್ಯ ಪ್ರಫುಲ್ಲಚಂದ್ರ ರಾಯ್

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಡಲನ್ನು ದಾಟಿ ಬ್ರಿಟನ್ನಿಗೆ ಹೋಗಿ ವಿದ್ಯೆ ಕಲಿಯುವುದು ಭಾರತೀಯ ತರುಣರಿಗೆ ಸುಲಭವಾದ ಮಾತಾಗಿರಲಿಲ್ಲ. ಹಡಗಿನ ಪ್ರಯಾಣ, ಅಲ್ಲಿಯ ಊಟ ವಸತಿ, ವಿಶ್ವವಿದ್ಯಾನಿಲಯದ ಶುಲ್ಕ ಇವೆಲ್ಲವುಗಳ ವೆಚ್ಚವನ್ನು ಭರಿಸಬಲ್ಲ ಮನೆತನಗಳು ಕೆಲವೇ ಇದ್ದವು. ಹಣವಿದ್ದವರಲ್ಲಿಯೂ ಸಮುದ್ರಯಾನದಿಂದ ಜಾತಿ ಕೆಡುವುದೆಂದು ಹಿಂಜರಿಯುವವರು ಬಹಳ ಮಂದಿ. ಅಂತಹ ಕಾಲದಲ್ಲಿ, ಸಿರಿ ಕರಗಿಹೋಗಿದ್ದ ಮನೆಯ ರೋಗಪೀಡಿತ ತರುಣನೊಬ್ಬನು ಕೇವಲ ತನ್ನ ಓದಿನ ಬಲದಿಂದ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಬಾಗಿಲನ್ನು ತೆರೆಸಿಕೊಂಡನು. ಭಾರತದಲ್ಲಿ ಆಧುನಿಕ ರಸಾಯನಶಾಸ್ತ್ರಕ್ಕೆ ತಳಹದಿ ಹಾಕಿದ ಆಚಾರ್ಯ ಪ್ರಫುಲ್ಲಚಂದ್ರ ರಾಯ್ ಅವರೇ ಆ ತರುಣ.

ಪ್ರಫುಲ್ಲಚಂದ್ರರು ೧೮೬೧ನೆಯ ಇಸವಿ ಆಗಸ್ಟ್ ೨ರಂದು ಅಂದಿನ ಬಂಗಾಳದ ಜೆಸ್ಸೋರ್ ಜಿಲ್ಲೆಯ ರಾರುಲಿ ಎಂಬ ಗ್ರಾಮದಲ್ಲಿ ಜನಿಸಿದರು. ಆ ಗ್ರಾಮವು ಈಗ ಬಾಂಗ್ಲಾದೇಶಕ್ಕೆ ಸೇರಿದೆ. ತಂದೆ ಹರೀಶಚಂದ್ರರು ಜಮೀನ್ದಾರರಾಗಿದ್ದರೂ ಉದಾರಿಗಳು, ಪುಸ್ತಕಪ್ರಿಯರು. ತಮ್ಮ ಊರಿನಲ್ಲಿ ಶಾಲೆಯನ್ನು ಸ್ಥಾಪಿಸಿದ್ದ ಅವರು ಮಕ್ಕಳ ಉನ್ನತ ವಿದ್ಯಾಭ್ಯಾಸಕ್ಕಾಗಿ ೧೮೭೦ರಲ್ಲಿ ಸಂಸಾರಸಮೇತರಾಗಿ ಕಲ್ಕತ್ತೆಗೆ ಬಂದು ನೆಲೆಸಿದರು. ಪ್ರಫುಲ್ಲಚಂದ್ರರು ಅಲ್ಲಿಯ ಹೇರ್ ಶಾಲೆಯನ್ನು ಸೇರಿದರು.

೧೮೭೪ರಲ್ಲಿ ಅವರಿಗೆ ತೀವ್ರವಾದ ಆಮಶಂಕೆ ತಗುಲಿತು. ಶಾಲೆಯನ್ನು ಬಿಡಬೇಕಾಯಿತು. ಸುಮಾರು ಎರಡು ವರ್ಷಗಳ ಕಾಲ ಮನೆಯಲ್ಲಿಯೇ ಉಳಿದರು. ರೋಗವು ಇಳಿಯಿತಾದರೂ ದೇಹವು ಮತ್ತೆ ಮೊದಲಿನಂತಾಗಲಿಲ್ಲ. ಜೀವಮಾನವಿಡೀ ಅವರು ಆಹಾರದಲ್ಲಿ ಕಟ್ಟುನಿಟ್ಟಾದ ಪಥ್ಯವನ್ನು ಪಾಲಿಸಬೇಕಾಯಿತು. ಆದರೆ ಶಾಲೆ ತಪ್ಪಿದ ಈ ಅವಧಿಯು ವ್ಯರ್ಥವಾಗಲಿಲ್ಲ. ತಂದೆಯ ಗ್ರಂಥಭಂಡಾರವು ಕೈಯೆಟುಕಿನಲ್ಲಿಯೇ ಇತ್ತು. ಚರಿತ್ರೆ, ಸಾಹಿತ್ಯ, ಮಹಾಪುರುಷರ ಜೀವನಚರಿತ್ರೆಗಳನ್ನು ಬಾಲಕನು ತನ್ನ ಮನಸ್ಸಿಗೆ ಬಂದಂತೆ ಓದಿದನು. ಯಾರೂ ಹೇಳದೆ, ಯಾವ ಪರೀಕ್ಷೆಯ ಒತ್ತಾಯವೂ ಇಲ್ಲದೆ, ಲ್ಯಾಟಿನ್ ಭಾಷೆಯನ್ನು ಕಲಿಯತೊಡಗಿದನು. ಬಂಗಾಳದ ಬಾಲಕನೊಬ್ಬನಿಗೆ ಲ್ಯಾಟಿನ್ನಿನಿಂದ ಏನು ಪ್ರಯೋಜನವೆಂದು ಅಂದು ಯಾರಾದರೂ ಕೇಳಿದ್ದರೆ ಆತನಲ್ಲಿ ಉತ್ತರವಿರುತ್ತಿರಲಿಲ್ಲ.

ಅನಂತರ ಆಲ್ಬರ್ಟ್ ಶಾಲೆಯಲ್ಲಿ ಓದನ್ನು ಮುಂದುವರಿಸಿ, ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಈಶ್ವರಚಂದ್ರ ವಿದ್ಯಾಸಾಗರರ ಮೆಟ್ರೊಪಾಲಿಟನ್ ಕಾಲೇಜನ್ನು ಸೇರಿದರು. ಅಲ್ಲಿ ಶುಲ್ಕ ಕಡಿಮೆ. ವಿಜ್ಞಾನದ ಪಾಠಕ್ಕಾಗಿ ಮಾತ್ರ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿಬರಬೇಕಾಗಿತ್ತು. ಅಲ್ಲಿ ಅಲೆಗ್ಸಾಂಡರ್ ಪೆಡ್ಲರ್ ಎಂಬ ಪ್ರಾಧ್ಯಾಪಕರು ರಸಾಯನಶಾಸ್ತ್ರದ ಪ್ರಯೋಗಗಳನ್ನು ಬಹು ನೈಪುಣ್ಯದಿಂದ ಮಾಡಿ ತೋರಿಸುತ್ತಿದ್ದರು. ಅವನ್ನು ಕಂಡು ಮರುಳಾದ ಪ್ರಫುಲ್ಲಚಂದ್ರರು ಸಹಪಾಠಿಯೊಬ್ಬನ ಬಿಡಾರದಲ್ಲಿ ಪುಟ್ಟ ಪ್ರಯೋಗಶಾಲೆಯೊಂದನ್ನು ಹೂಡಿದರು. ಒಮ್ಮೆ ಆಮ್ಲಜನಕ ಮತ್ತು ಜಲಜನಕಗಳನ್ನು ಉರಿಸಲು ತಗಡಿನಿಂದ ತಾವೇ ಮಾಡಿಸಿದ್ದ ಉಪಕರಣವು ಭಯಂಕರ ಸದ್ದಿನೊಡನೆ ಸಿಡಿದುಹೋಯಿತು. ಇಬ್ಬರಿಗೂ ಗಾಯವಾಗದೆ ಉಳಿದುದು ಅದೃಷ್ಟವೆಂದೇ ಹೇಳಬೇಕು.

ಈ ವೇಳೆಗೆ ಮನೆಯ ಸ್ಥಿತಿ ಕೆಟ್ಟಿತ್ತು. ಸಾಲವನ್ನು ತೀರಿಸಲು ಹರೀಶಚಂದ್ರರು ಪಿತ್ರಾರ್ಜಿತ ಭೂಮಿಯನ್ನು ಒಂದೊಂದಾಗಿ ಮಾರುತ್ತಿದ್ದರು. ಮಕ್ಕಳಲ್ಲಿ ಒಬ್ಬನನ್ನಾದರೂ ವಿಲಾಯತಿಗೆ ಕಳುಹಿಸಬೇಕೆಂದು ಅವರಿಗೆ ಬಹಳ ಆಸೆಯಿತ್ತು. ಅದನ್ನು ನಡೆಸುವ ಶಕ್ತಿ ಈಗ ಉಳಿದಿರಲಿಲ್ಲ. ಮಗನ ಕಣ್ಣು ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನದ ಮೇಲೆ ಬಿದ್ದಿತು.

ಜಾನ್ ಗಿಲ್‌ಕ್ರಿಸ್ಟ್ ಎಂಬವರು ಸ್ಕಾಟ್ಲೆಂಡಿನವರು. ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಭಾರತಕ್ಕೆ ಬಂದು, ಹಿಂದೂಸ್ತಾನಿ ಭಾಷೆಯಲ್ಲಿ ಪಾಂಡಿತ್ಯವನ್ನು ಗಳಿಸಿ, ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಅದನ್ನು ಬೋಧಿಸಿದವರು. ಅವರು ವಿದ್ಯಾಪ್ರಸಾರಕ್ಕಾಗಿ ಬಿಟ್ಟುಹೋದ ಆಸ್ತಿಯಿಂದ ಈ ವೇತನವು ಸಲ್ಲುತ್ತಿತ್ತು. ಸ್ಪರ್ಧೆಯು ಇಡೀ ಭಾರತದ ವಿದ್ಯಾರ್ಥಿಗಳಿಗೆ ತೆರೆದಿತ್ತು, ಗೆಲ್ಲುವವರು ಬೆರಳೆಣಿಕೆಯಷ್ಟು. ಪರೀಕ್ಷೆಯ ಮಟ್ಟ ಲಂಡನ್ ವಿಶ್ವವಿದ್ಯಾನಿಲಯದ ಮೆಟ್ರಿಕ್ಯುಲೇಷನ್ನಿಗೆ ಸಮಾನ. ಕನಿಷ್ಠ ನಾಲ್ಕು ಭಾಷೆಗಳನ್ನು ಬಲ್ಲವರಿಗೆ ಮಾತ್ರ ಅದು ಸಾಧ್ಯ. ಇಂಗ್ಲಿಷ್ ಸರಿ, ಸಂಸ್ಕೃತವೂ ಸರಿ. ಉಳಿದ ಐರೋಪ್ಯ ಭಾಷೆಗಳ ಗತಿಯೇನು? ಕಲ್ಕತ್ತೆಯ ಬುದ್ಧಿವಂತ ವಿದ್ಯಾರ್ಥಿಗಳು ಅನೇಕರು ಇಲ್ಲಿಯೇ ಹಿಂದೆ ಸರಿಯುತ್ತಿದ್ದರು. ರೋಗಶಯ್ಯೆಯ ಬಳಿ ಹುಟ್ಟಿದ ಲ್ಯಾಟಿನ್ ಈಗ ಪ್ರಫುಲ್ಲಚಂದ್ರರ ಕೈಹಿಡಿಯಿತು. ಅದಕ್ಕೆ ಫ್ರೆಂಚನ್ನೂ ಸೇರಿಸಿಕೊಂಡರು.

ಅವರು ಈ ಸಿದ್ಧತೆಯನ್ನು ಗುಟ್ಟಾಗಿ ನಡೆಸಿದರು. ಸೋತರೆ ನಗೆಪಾಟಲಾಗುವ ಭಯ ಅವರಿಗಿತ್ತು. ಆದರೆ ಗುಟ್ಟು ಹೊರಬಿದ್ದಿತು. ತರಗತಿಯಲ್ಲಿ ಅವರಿಗಿಂತ ಹೆಚ್ಚು ಅಂಕಗಳನ್ನು ಪಡೆಯುತ್ತಿದ್ದ ಸಹಪಾಠಿಯೊಬ್ಬನು, ಇವರ ಹೆಸರು ಲಂಡನ್ ವಿಶ್ವವಿದ್ಯಾನಿಲಯದ ಪಂಚಾಂಗದ ವಿಶೇಷ ಸಂಚಿಕೆಯಲ್ಲಿ ಪ್ರಕಟವಾಗುವುದೆಂದು ಹಾಸ್ಯಮಾಡಿದನು. ಪ್ರಫುಲ್ಲಚಂದ್ರರು ಮರುಮಾತಾಡಲಿಲ್ಲ. ಪರೀಕ್ಷೆ ಮುಗಿಯಿತು. ತಿಂಗಳುಗಳು ಉರುಳಿದರೂ ಫಲಿತಾಂಶದ ಸುಳಿವಿಲ್ಲ. ಆಸೆಯನ್ನು ಬಹುಮಟ್ಟಿಗೆ ಬಿಟ್ಟಿದ್ದಾಗ, ೧೮೮೨ರಲ್ಲಿ ಒಂದು ದಿನ ವೃತ್ತಪತ್ರಿಕೆಯಲ್ಲಿ ಸುದ್ದಿ ಬಂದಿತು. ಆ ವರ್ಷ ಗೆದ್ದವರು ಇಬ್ಬರೇ: ಮುಂಬಯಿಯ ಬಹಾದುರ್ಜಿ ಎಂಬ ಪಾರ್ಸಿ ತರುಣ, ಮತ್ತು ಪ್ರಫುಲ್ಲಚಂದ್ರ ರಾಯ್. ತಂದೆ ಸಂತೋಷದಿಂದ ಒಪ್ಪಿಗೆಯಿತ್ತರು. ಮಗನನ್ನು ಅಗಲುವ ದುಃಖವಿದ್ದರೂ ತಾಯಿ ಭುವನಮೋಹಿನಿಯವರು ಅಡ್ಡಿಮಾಡಲಿಲ್ಲ.

ಕ್ಯಾಲಿಫೋರ್ನಿಯಾ ಎಂಬ ಹಡಗಿನಲ್ಲಿ ಹೊರಟ ಪ್ರಫುಲ್ಲಚಂದ್ರರನ್ನು ಲಂಡನ್ನಿನಲ್ಲಿ ಬರಮಾಡಿಕೊಂಡವರಲ್ಲಿ ಜಗದೀಶಚಂದ್ರ ಬೋಸರೂ ಇದ್ದರು. ಮುಂದೆ ಜಗದ್ವಿಖ್ಯಾತರಾಗಲಿದ್ದ ಈ ಇಬ್ಬರ ಸ್ನೇಹವು ಕಡೆಯವರೆಗೂ ಉಳಿಯಿತು. ಎಡಿನ್‌ಬರೋವಿನಲ್ಲಿ ಕ್ರಮ್ ಬ್ರೌನ್ ಎಂಬ ಪ್ರಸಿದ್ಧ ರಸಾಯನವಿಜ್ಞಾನಿ ಅವರಿಗೆ ಗುರುಗಳಾಗಿ ದೊರೆತರು. ಅಲ್ಲಿಯ ಕೊರೆಯುವ ಚಳಿಯು ಅವರ ದುರ್ಬಲವಾದ ದೇಹಕ್ಕೆ ಒಗ್ಗಿತೆಂಬುದೊಂದು ವಿಸ್ಮಯ.

ಓದಿನ ನಡುವೆ ಒಂದು ಪ್ರಸಂಗ ನಡೆಯಿತು. ೧೮೮೫ರಲ್ಲಿ ವಿಶ್ವವಿದ್ಯಾನಿಲಯವು ಸಿಪಾಯಿ ದಂಗೆಗೆ ಮುಂಚಿನ ಮತ್ತು ಅನಂತರದ ಭಾರತವನ್ನು ಕುರಿತು ಪ್ರಬಂಧಸ್ಪರ್ಧೆಯೊಂದನ್ನು ಏರ್ಪಡಿಸಿತು. ರಸಾಯನಶಾಸ್ತ್ರದ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಪ್ರಫುಲ್ಲಚಂದ್ರರು ಇತಿಹಾಸ ಮತ್ತು ಅರ್ಥಶಾಸ್ತ್ರದ ಗ್ರಂಥಗಳಲ್ಲಿ ಮುಳುಗಿದರು. ಬ್ರಿಟಿಷರ ಆಡಳಿತವು ಭಾರತವನ್ನು ಹೇಗೆ ಬಡವಾಗಿಸಿತೆಂಬುದನ್ನು ನಿರ್ಭಯವಾಗಿ ಬರೆದರು. ಬ್ರಿಟಿಷರ ನೆಲದಲ್ಲಿ, ಬ್ರಿಟಿಷ್ ಸಂಸ್ಥೆಯ ವೇತನದಿಂದ ಓದುತ್ತಿದ್ದವನಿಗೆ ಇದು ಸಣ್ಣ ಸಾಹಸವಲ್ಲ. ಬಹುಮಾನ ಮತ್ತೊಬ್ಬರ ಪಾಲಾಯಿತು. ಅವರು ಅಷ್ಟಕ್ಕೇ ಸುಮ್ಮನಾಗದೆ ಆ ಪ್ರಬಂಧವನ್ನು ತಾವೇ ಅಚ್ಚುಹಾಕಿಸಿ ವಿದ್ಯಾರ್ಥಿಗಳಿಗೆ ಹಂಚಿದರು. ಪಾರ್ಲಿಮೆಂಟಿನ ಹಿರಿಯ ಸದಸ್ಯ ಜಾನ್ ಬ್ರೈಟರು ಅದನ್ನೋದಿ ಸಹಾನುಭೂತಿಯಿಂದ ಪತ್ರ ಬರೆದರು.

ತಾಮ್ರ ಮೆಗ್ನೀಸಿಯಂ ಗುಂಪಿನ ಲೋಹಗಳ ಜೋಡಿ ಸಲ್ಫೇಟುಗಳನ್ನು ಕುರಿತ ಸಂಶೋಧನೆಗಾಗಿ ೧೮೮೭ರಲ್ಲಿ ಅವರಿಗೆ ಡಿ.ಎಸ್‌ಸಿ. ಪದವಿ ದೊರೆಯಿತು. ಹೋಪ್ ಪಾರಿತೋಷಕದ ನೆರವಿನಿಂದ ಇನ್ನೊಂದು ವರ್ಷ ಅಲ್ಲಿಯೇ ನಿಂತು, ೧೮೮೮ರಲ್ಲಿ ತಾಯ್ನಾಡಿಗೆ ಹಿಂದಿರುಗಿದರು. ಕಲ್ಕತ್ತೆಯ ಬಂದರಿನಲ್ಲಿ ಇಳಿದಾಗ ಅವರ ಕೈ ಬರಿದಾಗಿತ್ತು. ತಮ್ಮ ಸಾಮಾನುಗಳನ್ನು ಹಡಗಿನ ಅಧಿಕಾರಿಯ ಬಳಿ ಒತ್ತೆಯಿಟ್ಟು ಎಂಟು ರೂಪಾಯಿ ಸಾಲ ಪಡೆದರು. ಸ್ನೇಹಿತನೊಬ್ಬನಿಂದ ಧೋತರ ಮತ್ತು ಉತ್ತರೀಯಗಳನ್ನು ಎರವಲು ತಂದು ಉಟ್ಟುಕೊಂಡರು.

ಎಡಿನ್‌ಬರೋವಿನ ಡಾಕ್ಟರೇಟು ಮತ್ತು ಗುರುಗಳ ಪ್ರಶಂಸಾಪತ್ರಗಳು ಇದ್ದರೂ ಸರಕಾರದ ಶಿಕ್ಷಣ ಇಲಾಖೆಯ ಉನ್ನತ ಶ್ರೇಣಿ ಭಾರತೀಯರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಸುಮಾರು ಒಂದು ವರ್ಷ ಉದ್ಯೋಗವಿಲ್ಲದೆ ಕಳೆದ ಮೇಲೆ, ೧೮೮೯ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಿಂಗಳಿಗೆ ೨೫೦ ರೂಪಾಯಿ ಸಂಬಳದ ಕೆಳಶ್ರೇಣಿಯ ಹುದ್ದೆ ದೊರೆಯಿತು. ಅನ್ಯಾಯವನ್ನು ಮೇಲಧಿಕಾರಿಗಳ ಮುಂದೆ ತೋಡಿಕೊಂಡಾಗ, ಬೇಕಾದರೆ ಬೇರೆ ವೃತ್ತಿ ಹುಡುಕಿಕೊಳ್ಳಬಹುದೆಂಬ ಉತ್ತರ ಬಂದಿತು. ಅವರು ಅಲ್ಲಿಯೇ ಉಳಿದು ಪಾಠ ಹೇಳಿದರು. ೧೮೯೨ರಲ್ಲಿ ತಮ್ಮ ಬಾಡಿಗೆಯ ಮನೆಯಲ್ಲಿ, ಕೆಲವೇ ನೂರು ರೂಪಾಯಿಗಳ ಬಂಡವಾಳದಿಂದ ಔಷಧ ತಯಾರಿಕೆಯನ್ನು ಆರಂಭಿಸಿದರು. ಅದೇ ಬೆಳೆದು ಬೆಂಗಾಲ್ ಕೆಮಿಕಲ್ ಎಂಬ ದೊಡ್ಡ ಕಾರ್ಖಾನೆಯಾಯಿತು. ಪ್ರಾಚೀನ ಭಾರತದ ರಸವಿದ್ಯೆಯ ಇತಿಹಾಸವನ್ನು ಎರಡು ಸಂಪುಟಗಳಲ್ಲಿ ಬರೆದರು. ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಮೊದಲಾದ ಪ್ರತಿಭಾವಂತರು ಅವರ ತರಗತಿಯಲ್ಲಿ ಕುಳಿತವರು. ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾದ ಜ್ಞಾನಚಂದ್ರ ಘೋಷರೂ ಅವರ ಶಿಷ್ಯರೇ.

೧೯೧೬ರಲ್ಲಿ ಅವರು ಕಲ್ಕತ್ತಾ ವಿಶ್ವವಿದ್ಯಾನಿಲಯದ ವಿಜ್ಞಾನ ಕಾಲೇಜಿಗೆ ಪ್ರಾಧ್ಯಾಪಕರಾಗಿ ಬಂದರು. ೧೯೨೧ರಲ್ಲಿ ಅರವತ್ತು ವರ್ಷ ತುಂಬಿದಾಗ, ಇನ್ನು ಮುಂದಿನ ತಮ್ಮ ಸಂಬಳವೆಲ್ಲವೂ ರಸಾಯನಶಾಸ್ತ್ರ ವಿಭಾಗದ ಅಭಿವೃದ್ಧಿಗೆ ಮತ್ತು ಸಂಶೋಧನ ವೇತನಗಳಿಗೆ ಸಲ್ಲಬೇಕೆಂದು ವಿಶ್ವವಿದ್ಯಾನಿಲಯಕ್ಕೆ ಬಿಟ್ಟುಕೊಟ್ಟರು. ಅವಿವಾಹಿತರಾಗಿದ್ದ ಅವರಿಗೆ ಸ್ವಂತ ಮನೆಯಿರಲಿಲ್ಲ. ಕಾಲೇಜಿನ ಮಹಡಿಯ ಒಂದು ಕೋಣೆಯೇ ಮನೆ. ಅಲ್ಲಿ ಒಂದು ಕಬ್ಬಿಣದ ಮಂಚ, ಒಂದು ಮೇಜು, ಪುಸ್ತಕಗಳು ತುಂಬಿದ ಬೀರು ಇದ್ದವು. ಊರಿಂದ ಬಂದ ಬಡ ವಿದ್ಯಾರ್ಥಿಗಳು ಅವರೊಡನೆ ಉಳಿದುಕೊಂಡು ಓದುತ್ತಿದ್ದುದುಂಟು. ೧೯೪೪ನೆಯ ಇಸವಿ ಜೂನ್ ೧೬ರಂದು, ತಮ್ಮ ಎಂಬತ್ತೆರಡನೆಯ ವಯಸ್ಸಿನಲ್ಲಿ, ಅದೇ ಕೋಣೆಯಲ್ಲಿ ಶಿಷ್ಯರ ನಡುವೆ ಅವರು ಕೊನೆಯುಸಿರೆಳೆದರು.