ವಿಯೆನ್ನದಲ್ಲಿ ಹಂಗೆರಿಯ ದನಿ

ಹಂಗೆರಿಯ ಬಾಲಾಟನ್ ಸರೋವರದ ದಡದಲ್ಲಿ ಶಿಯೋಫೋಕ್ ಎಂಬ ಊರಿದೆ. 1882ರಲ್ಲಿ ಅಲ್ಲಿಯ ಯೆಹೂದಿ ಕುಟುಂಬವೊಂದರಲ್ಲಿ ಇಮ್ರೆ ಕಾಲ್ಮಾನ್ ಜನಿಸಿದನು. ಪಿಯಾನೊ ವಾದಕನಾಗಬೇಕೆಂಬುದು ಹುಡುಗನ ಹಂಬಲ. ಕೈಗೆ ತಗುಲಿದ ವ್ಯಾಧಿಯಿಂದ ಅದು ಕೈಗೂಡಲಿಲ್ಲ. ಬುಡಾಪೆಸ್ಟಿನ ಸಂಗೀತ ಅಕಾಡೆಮಿಯಲ್ಲಿ ಹಾನ್ಸ್ ಕೆಸ್ಲರನ ಬಳಿ ಸಂಗೀತರಚನೆಯನ್ನು ಕಲಿತನು. ಬಾರ್ಟೋಕ್ ಮತ್ತು ಕೊದಾಯ್ ಅದೇ ಗುರುವಿನ ಶಿಷ್ಯರು.

ಈ ಮೂವರ ದಾರಿ ಕವಲೊಡೆದುದು ನನಗೆ ಇಂದಿಗೂ ಸೋಜಿಗದ ಸಂಗತಿ. ಬಾರ್ಟೋಕ್, ಕೊದಾಯರು ಫೋನೋಗ್ರಾಫ್ ಯಂತ್ರದೊಡನೆ ಹಳ್ಳಿಗಳನ್ನು ಸುತ್ತಿ ರೈತರ ಹಾಡುಗಳನ್ನು ಸಂಗ್ರಹಿಸಿದರು. ಕಾಫಿಮಂದಿರಗಳಲ್ಲಿ ಜಿಪ್ಸಿ ಮೇಳಗಳು ನುಡಿಸುವುದು ಪೇಟೆಯ ಸಂಗೀತ, ನೆಲದ ಸಂಗೀತವಲ್ಲ ಎಂಬುದು ಬಾರ್ಟೋಕನ ನಿಲುವು. ಕಾಲ್ಮಾನನಾದರೋ ಆ ಪೇಟೆಯ ಸಂಗೀತವನ್ನೇ ನೆಚ್ಚಿದನು. ಅದನ್ನು ವಿಯೆನ್ನದ ಅಪೆರೆಟಕ್ಕೆ, ಎಂದರೆ ಮಾತು, ಹಾಡು, ಕುಣಿತಗಳು ಬೆರೆತ ಲಘು ಗೀತನಾಟಕಕ್ಕೆ, ತಂದನು. 1885ರಲ್ಲಿಯೇ ಯೊಹಾನ್ ಸ್ಟ್ರೌಸ್ ‘ಜಿಪ್ಸಿ ಬ್ಯಾರನ್’ ರಚಿಸಿದ್ದನು, ನಿಜ. ಆದರೆ ಆ ಸಂಗೀತಕ್ಕೆ ಸ್ಟ್ರೌಸ್ ಅತಿಥಿ, ಕಾಲ್ಮಾನ್ ಮನೆಯವನು.

‘ಚಾರ್ದಾಷ್ ರಾಜಕುಮಾರಿ’ ವಿಯೆನ್ನದ ರಂಗವನ್ನೇರಿದ್ದು 1915ರ ನವೆಂಬರ್ 17ರಂದು. ಮಹಾಯುದ್ಧದ ಎರಡನೆಯ ವರ್ಷ. ಬುಡಾಪೆಸ್ಟಿನ ರಂಗಗಾಯಕಿ ಸಿಲ್ವಾಳನ್ನು ವಿಯೆನ್ನದ ರಾಜವಂಶದ ತರುಣನೊಬ್ಬ ಪ್ರೀತಿಸುತ್ತಾನೆ. ಮನೆಯವರು ಒಪ್ಪುವುದಿಲ್ಲ, ಕಡೆಗೆ ಅವನ ತಾಯಿಯೇ ಹಿಂದೆ ಗಾಯಕಿಯಾಗಿದ್ದಳೆಂದು ಬಯಲಾಗುತ್ತದೆ. ಕಥೆ ತೆಳುವಾದುದೇ. ಸತ್ತ್ವವೆಲ್ಲ ಇರುವುದು ಸಂಗೀತದಲ್ಲಿ. ಚಾರ್ದಾಷ್ ನೃತ್ಯಕ್ಕೆ ಎರಡು ನಡೆ: ಮೊದಲು ಲಶ್ಶೂ ಎಂಬ ನಿಧಾನಗತಿ, ಬಳಿಕ ಫ್ರಿಷ್ ಎಂಬ ವೇಗದ ಕುಣಿತ. ವಿಳಂಬ, ದ್ರುತಗಳನ್ನು ಬಲ್ಲ ನಮ್ಮ ಕಿವಿಗೆ ಇದು ಅಪರಿಚಿತವಲ್ಲ. ಅಮೆರಿಕಕ್ಕೆ ಹೊರಟುನಿಂತ ಸಿಲ್ವಾ ತನ್ನ ಬೆಟ್ಟದ ನಾಡನ್ನು ನೆನೆದು ಹಾಡುವುದು ಈ ಕ್ರಮದಲ್ಲಿಯೇ. ಕುಣಿತ ಬೇಗ ಮರೆತುಹೋಗುತ್ತದೆ. ಅದಕ್ಕೆ ಮುಂಚಿನ ನಿಧಾನದ ಹಂಬಲ ಮನಸ್ಸಿನಲ್ಲಿ ನಿಲ್ಲುತ್ತದೆ. ಇದನ್ನು ಕೃತಕವೆಂದು ತಳ್ಳಿಹಾಕಲು ನಾನು ಒಪ್ಪಲಾರೆ. ಪೇಟೆಯವನಿಗೂ ತವರು ಉಂಟಷ್ಟೆ.

1924ರಲ್ಲಿ ‘ಕೌಂಟೆಸ್ ಮಾರಿಟ್ಸ’ ಅವನ ಕೀರ್ತಿಯನ್ನು ಇಮ್ಮಡಿಸಿತು. ಆದರೆ ನಾಜಿ ಜರ್ಮನಿಯಲ್ಲಿ ಅವನ ಕೃತಿಗಳಿಗೆ ಬಹಿಷ್ಕಾರ ಬಿದ್ದಿತು. 1938ರಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯವನ್ನು ಹೊಕ್ಕಾಗ ಕಾಲ್ಮಾನ್ ಪ್ಯಾರಿಸಿಗೆ ಹೋದನು. 1940ರಲ್ಲಿ, ತನ್ನ ಸಿಲ್ವಾ ಹೊರಟಿದ್ದ ಅಮೆರಿಕಕ್ಕೆ. ಹಂಗೆರಿಯಲ್ಲಿ ಉಳಿದ ಸೋದರಿಯರು ಯೆಹೂದಿಗಳ ಹತ್ಯಾಕಾಂಡಕ್ಕೆ ಬಲಿಯಾದರು. ಯುದ್ಧಾನಂತರ ಯೂರೋಪಿಗೆ ಮರಳಿದ ಅವನು 1953ರ ಅಕ್ಟೋಬರ್ 30ರಂದು ಪ್ಯಾರಿಸಿನಲ್ಲಿ ತೀರಿಕೊಂಡನು. ಅವನ ಸಮಾಧಿ ವಿಯೆನ್ನದಲ್ಲಿದೆ.