ನಾಯಿಯ ಜೊಲ್ಲು ಎಣಿಸಿದ ವಿಜ್ಞಾನಿ ಪಾವ್ಲೊವ್

ಇವಾನ್ ಪೆಟ್ರೋವಿಚ್ ಪಾವ್ಲೊವ್ ಅವರು 1849ರ ಸೆಪ್ಟೆಂಬರ್ 26ರಂದು ರಷ್ಯಾ ದೇಶದ ರಿಯಾಜಾನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಚರ್ಚಿನ ಪಾದ್ರಿ. ಮನೆಗೆ ಇವರೇ ಹಿರಿ ಮಗ. ಚಿಕ್ಕವರಿದ್ದಾಗ ಎತ್ತರದಿಂದ ಕಲ್ಲಿನ ನೆಲದ ಮೇಲೆ ಬಿದ್ದು ಬಹಳ ಪೆಟ್ಟಾಯಿತು. ಹಾಗಾಗಿ ಶಾಲೆಗೆ ಸೇರುವಾಗ ಇವರಿಗೆ 11 ವರ್ಷ! ನಾವು ಆ ವಯಸ್ಸಿಗೆ ಐದನೇ ಕ್ಲಾಸಿನಲ್ಲಿ ಇರುತ್ತೇವೆ.

ಇವರೂ ಪಾದ್ರಿ ಆಗಲಿ ಅಂತ ಮನೆಯವರು ಅದಕ್ಕೆ ಬೇಕಾದ ಶಾಲೆಗೇ ಸೇರಿಸಿದ್ದರು. ಆದರೆ ವಿಜ್ಞಾನದ ಪುಸ್ತಕ ಓದಿ ಇವರ ಮನಸ್ಸು ಬದಲಾಯಿತು. 1870ರಲ್ಲಿ ಅದನ್ನು ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಹೋದರು.

ಅವರು ಮೊದಲು ಪರೀಕ್ಷೆ ಮಾಡಿದ್ದು ಮನಸ್ಸನ್ನಲ್ಲ, ಹೊಟ್ಟೆಯನ್ನು. ತಿಂದ ಆಹಾರ ಹೇಗೆ ಜೀರ್ಣವಾಗುತ್ತದೆ ಅಂತ ನಾಯಿಗಳ ಮೇಲೆ ಪ್ರಯೋಗ ಮಾಡಿ ಕಂಡುಹಿಡಿದರು. ಅದಕ್ಕೆ 1904ರಲ್ಲಿ ನೊಬೆಲ್ ಬಹುಮಾನ ಬಂತು. ರಷ್ಯಾಕ್ಕೆ ಅದೇ ಮೊದಲನೇ ನೊಬೆಲ್.

ಆ ಕೆಲಸ ಮಾಡುವಾಗ ಒಂದು ವಿಚಿತ್ರ ಕಂಡಿತು. ಊಟ ಬಾಯಿಗೆ ಬಿದ್ದ ಮೇಲೆ ತಾನೇ ಜೊಲ್ಲು ಬರಬೇಕು? ಈ ನಾಯಿಗಳು ಊಟ ತರುವವನನ್ನು ಕಂಡರೇ ಜೊಲ್ಲು ಸುರಿಸುತ್ತಿದ್ದವು. ಬೇರೆಯವರಾಗಿದ್ದರೆ ಒರೆಸಿ ಸುಮ್ಮನಾಗುತ್ತಿದ್ದರೋ ಏನೋ. ಪಾವ್ಲೊವ್ ಬಿಡಲಿಲ್ಲ. ನಾಯಿಯ ಕೆನ್ನೆಗೆ ಆಪರೇಷನ್ ಮಾಡಿ, ಜೊಲ್ಲು ಹೊರಗೆ ಬರುವ ಹಾಗೆ ಮಾಡಿ, ಹನಿ ಹನಿ ಎಣಿಸಿದರು. ಸಂಗೀತಗಾರರು ತಾಳ ತಪ್ಪದಿರಲಿ ಅಂತ ಇಟ್ಟುಕೊಳ್ಳುವ ಮೆಟ್ರೊನೋಮ್ ಎಂಬ ಯಂತ್ರ ಇದೆ, ಟಿಕ್ ಟಿಕ್ ಅನ್ನುತ್ತದೆ. ಅದನ್ನು ಕೇಳಿಸಿ ಕೂಡಲೇ ಊಟ ಕೊಟ್ಟರು. ಹೀಗೆ ಬಹಳ ಸಲ ಮಾಡಿದ ಮೇಲೆ ಊಟ ಇಲ್ಲದಿದ್ದರೂ ಟಿಕ್ ಟಿಕ್ ಕೇಳಿದರೆ ಸಾಕು, ಜೊಲ್ಲು ಬಂತು! ಇದಕ್ಕೆ ಅನುಬಂಧಿತ ಪ್ರತಿಕ್ರಿಯೆ ಎನ್ನುತ್ತಾರೆ. ಹೆಸರು ದೊಡ್ಡದು, ವಿಷಯ ಸುಲಭ. ಊಟದ ಬೆಲ್ ಹೊಡೆದಾಗ ನಮ್ಮ ಬಾಯಲ್ಲಿ ನೀರು ಬರುತ್ತದಲ್ಲ, ಅದೂ ಇದೇ. ಅದು ಹುಟ್ಟುವಾಗ ಬಂದದ್ದಲ್ಲ, ಕಲಿತದ್ದು. ಬರೀ ಟಿಕ್ ಟಿಕ್ ಕೇಳಿಸಿ ಊಟ ಕೊಡದೇ ಹೋದರೆ ಜೊಲ್ಲು ಕಮ್ಮಿಯಾಗುತ್ತಾ ನಿಂತೇ ಹೋಗುತ್ತಿತ್ತು.

ಇನ್ನೊಂದು ಪ್ರಯೋಗ ಓದಿ ನನಗೆ ನಾಯಿಯ ಮೇಲೆ ಪಾಪ ಅನ್ನಿಸಿತು. ವೃತ್ತ ತೋರಿಸಿದರೆ ಊಟ, ಮೊಟ್ಟೆಯ ಆಕಾರ ತೋರಿಸಿದರೆ ಊಟ ಇಲ್ಲ. ನಾಯಿ ಚೆನ್ನಾಗಿ ಕಲಿಯಿತು. ಆಮೇಲೆ ಮೊಟ್ಟೆಯ ಆಕಾರವನ್ನು ಸ್ವಲ್ಪ ಸ್ವಲ್ಪವೇ ದುಂಡಗೆ ಮಾಡುತ್ತಾ ಬಂದರು. ಕೊನೆಗೆ ಯಾವುದು ಯಾವುದೆಂದು ತಿಳಿಯದೆ ನಾಯಿ ಕಿರುಚಿ, ಒದ್ದಾಡಿ, ಸಿಕ್ಕಿದ್ದನ್ನೆಲ್ಲ ಕಚ್ಚಿತು. ಮೊದಲು ಗೊತ್ತಿದ್ದ ಸುಲಭದ್ದೂ ತಪ್ಪಿಹೋಯಿತು. ಕಷ್ಟದ ಲೆಕ್ಕ ಕೊಟ್ಟು ಬೈದರೆ ಬರುತ್ತಿದ್ದ ಮಗ್ಗಿಯೂ ಮರೆಯುತ್ತದಲ್ಲ, ಹಾಗೆ.

1917ರ ಕ್ರಾಂತಿಯ ನಂತರ ಊರಿನಲ್ಲಿ ಊಟಕ್ಕೇ ಕಷ್ಟವಾಯಿತು. ನಾಯಿಗಳು ಹಸಿವಿನಿಂದ ಸತ್ತವು. ಪಾವ್ಲೊವ್ ತಾವೇ ತರಕಾರಿ ಬೆಳೆದರು. 1921ರಲ್ಲಿ ಲೆನಿನ್ ಅವರ ಸರ್ಕಾರ ವಿಶೇಷ ಸಹಾಯ ಕೊಟ್ಟಿತು. ಆದರೂ ಸರ್ಕಾರ ಮಾಡಿದ್ದು ತಪ್ಪು ಅನ್ನಿಸಿದರೆ ಹೇಳಲು ಇವರು ಹೆದರುತ್ತಿರಲಿಲ್ಲ.

1924ರಲ್ಲಿ ನೇವಾ ನದಿ ಉಕ್ಕಿ ನಾಯಿಗಳ ಗೂಡಿಗೆ ನೀರು ನುಗ್ಗಿತು. ಕೆಲಸದವರು ಅವುಗಳನ್ನು ಈಜಿಸಿಕೊಂಡು ಹೊರಗೆ ತಂದರು. ಜೀವ ಉಳಿಯಿತು, ಮೈಗೆ ಏನೂ ಆಗಿರಲಿಲ್ಲ. ಆದರೆ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಕಳಕೊಂಡಿದ್ದವು. ಅದರಲ್ಲಿ ಒಂದು ನಾಯಿ ಬಹಳ ದಿನದ ಮೇಲೆ ಸರಿಹೋಯಿತು. ಆಗ ಬಾಗಿಲ ಕೆಳಗಿಂದ ಸ್ವಲ್ಪವೇ ನೀರು ಹರಿಸಿ ನೋಡಿದರು. ಅಷ್ಟಕ್ಕೇ ಅದು ಹೆದರಿ ಮತ್ತೆ ಎಲ್ಲ ಮರೆಯಿತು. ಜೊಲ್ಲಿನ ಹಾಗೆ ಭಯವನ್ನೂ ಅದು ಕಲಿತುಬಿಟ್ಟಿತ್ತು. ದೊಡ್ಡವರಿಗೂ ಮಕ್ಕಳಿಗೂ ಕೆಲವು ಭಯಗಳು ಹೀಗೇ ಬರುತ್ತವೆ ಅಂತ ಆಮೇಲಿನ ಮನೋವಿಜ್ಞಾನಿಗಳು ತಿಳಿದುಕೊಂಡರು.

ಪಾವ್ಲೊವ್ 1936ರ ಫೆಬ್ರವರಿ 27ರಂದು ನ್ಯುಮೋನಿಯಾದಿಂದ ತೀರಿಕೊಂಡರು. ಆಗ ಅವರಿಗೆ 86 ವರ್ಷ. ಅದರ ಹಿಂದಿನ ವರ್ಷವೇ ಅವರು ಕೆಲಸ ಮಾಡುತ್ತಿದ್ದ ಸಂಸ್ಥೆಯ ತೋಟದಲ್ಲಿ ಒಂದು ಪ್ರತಿಮೆ ನಿಲ್ಲಿಸಿದ್ದರು, ಅದು ನಾಯಿಯ ಪ್ರತಿಮೆ.